ಮಳೆಗಾಲದ ಮನೆ ಮತ್ತು ಗೋಡೆಯ ಬೂಷ್ಟು: ಹುಡುಕುವುದರಿಂದ ಹಿಡಿದು ಮನೆ ಮಾರುವವರೆಗೆ

ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಅಪ್ಪನ ಕೋಣೆಯ ಪಡು ಗೋಡೆಗೆ ಮೂರು ವರ್ಷ ಸಾಲಾಗಿ ಪೇಂಟ್ ಹೊಡೆಸಿದೆವು. ಮೂರು ವರ್ಷವೂ ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಷ್ಟರಲ್ಲಿ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಕಪ್ಪು ಚುಕ್ಕೆಗಳು ಎದ್ದವು. ನಾಲ್ಕನೇ ವರ್ಷ ಒಬ್ಬ ಹಳೆ ಮೇಸ್ತ್ರಿ ಬಂದರು. ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತರು. "ಅಮ್ಮಾ, ಇದರ ಮೇಲೆ ಎಂತ ಉಂಟು?" ಅಂತ ಅಮ್ಮನನ್ನು ಕೇಳಿದರು. ಬೂಷ್ಟಿನ ಬಗ್ಗೆ ಒಂದು ಮಾತೂ ಇಲ್ಲ. ನೇರ ತಾರಸಿಗೆ ಹತ್ತಿದರು.

ಅಲ್ಲಿ ಮಳೆನೀರು ಇಳಿಯುವ ಪೈಪಿನ ಬಾಯಿಗೆ ಮಾವಿನೆಲೆ ಕಟ್ಟಿಕೊಂಡಿತ್ತು. ಮೂಲೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮೇಸ್ತ್ರಿ ಆ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕದಡಿದರು. ಮಾರನೇ ದಿನ ಬೆಳಿಗ್ಗೆ ಅಪ್ಪನ ಕೋಣೆಯ ಗೋಡೆಯ ಮೇಲ್ತುದಿಯಲ್ಲಿ ತೆಳು ನೀಲಿ ಗೀಟು ಕಂಡಿತು. ತಾರಸಿಯ ಸ್ಲ್ಯಾಬೂ ಕಟ್ಟೆಗೋಡೆಯೂ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಮೂರು ವರ್ಷ ಪೇಂಟಿಗೆ ಸುರಿದ ದುಡ್ಡಿನಲ್ಲಿ ಅದನ್ನು ಎಷ್ಟೋ ಸಲ ಮುಚ್ಚಿಸಬಹುದಿತ್ತು.

ಅದಕ್ಕೇ ಈ ಇಡೀ ಮಾರ್ಗದರ್ಶಿಯನ್ನು ಒಂದೇ ಮಾತಿನ ಮೇಲೆ ಕಟ್ಟಿದ್ದೇನೆ. ಬೂಷ್ಟು ಕಂಡರೆ ಮೊದಲು ನೀರು ಹುಡುಕಿ. ಉಜ್ಜುವುದು, ಪೇಂಟ್ ಬಳಿಯುವುದು ಎಲ್ಲ ಆಮೇಲೆ.

ನಮ್ಮ ಊರಲ್ಲಿ ಯಾಕೆ ಇಷ್ಟು ಜಾಸ್ತಿ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 4 ತಿಂಗಳಲ್ಲೇ. ಮಳೆ ಬರುವುದು ಕಡಲ ಕಡೆಯಿಂದ, ಗಾಳಿಯ ಜೊತೆ, ಓರೆಯಾಗಿ. ಹಾಗಾಗಿ ಪಡು ಮತ್ತು ನೈಋತ್ಯದ ಗೋಡೆಗಳಿಗೆ ಪೆಟ್ಟು ಹೆಚ್ಚು. ಹಿಂದಿನವರು ಮಳೆಗಾಲಕ್ಕೆ ಮುಂಚೆ ಆ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ.

ಬೂಷ್ಟು ಅಂದರೆ ಒಂದು ಬಗೆಯ ಶಿಲೀಂಧ್ರ, ಪೇಂಟಿನವರ ಮಾತಿನಲ್ಲಿ ಫಂಗಸ್. ಅದರ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಪೇಂಟು, ಮರ, ಕಾಗದ, ಬಟ್ಟೆ, ಧೂಳು ಎಲ್ಲವೂ ಅದಕ್ಕೆ ಊಟ. ಬೇಕಾದದ್ದು ಪಸೆ ಒಂದೇ. ಒದ್ದೆಯಾದ ವಸ್ತು 24ರಿಂದ 48 ಗಂಟೆ ಹಾಗೇ ಉಳಿದರೆ ಬೆಳೆಯಲು ಶುರು.

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಇಲ್ಲಿ ಹಂಚಿನ ಮಾಡು ಮನೆಮನೆಗೆ ಬಂತು. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಒಲೆಯ ಹೊಗೆ ಅಟ್ಟವನ್ನೂ ಮಾಡಿನ ಮರದ ಪಕಾಸು, ರೀಪುಗಳನ್ನೂ ಒಣಗಿಸಿಡುತ್ತಿತ್ತು. ಉದ್ದನೆಯ ಇಳಿಮಾಡು ಗೋಡೆಗೆ ಮಳೆ ತಾಗದಂತೆ ಕಾಯುತ್ತಿತ್ತು. ಈಗ ಸ್ಲ್ಯಾಬ್ ಮನೆ, ಸಣ್ಣ ಸಜ್ಜಾ, ಬಿಗಿಯಾಗಿ ಮುಚ್ಚುವ ಅಲ್ಯೂಮಿನಿಯಂ ಕಿಟಕಿ. ಒಳಗೆ ಮಾತ್ರ ಅದೇ ನೀರು ಹೀರುವ ಕೆಂಪುಕಲ್ಲು. ನೀರು ಬರಲು ದಾರಿ ಇದೆ, ಹೊರಗೆ ಹೋಗಲು ದಾರಿ ಇಲ್ಲ.

ಅದು ಬೂಷ್ಟೇ ಹೌದಾ?

ಹೊರಗೋಡೆಯಲ್ಲಿ ಹಸಿರಾಗಿ, ಜಾರುವಂತೆ ಇದ್ದರೆ ಅದು ಪಾಚಿ. ಒಳಗೋಡೆಯಲ್ಲಿ ಬಿಳಿ ಹುಡಿ ಎದ್ದಿದ್ದರೆ ಒಂದು ಹನಿ ನೀರು ಹಾಕಿ ನೋಡಿ. ಕರಗಿ ಹೋದರೆ ಅದು ಗೋಡೆಯೊಳಗಿನ ಉಪ್ಪು, ಪಸೆ ಹೊರಗೆ ಬರುವಾಗ ಹೊತ್ತು ತಂದದ್ದು. ಬೂಷ್ಟು ನೀರಿಗೆ ಕರಗುವುದಿಲ್ಲ. ಕಪ್ಪು, ಬೂದು, ಹಸಿರು, ಕೆಲವೊಮ್ಮೆ ಬಿಳಿ ಚುಕ್ಕೆಗಳಾಗಿ ಶುರುವಾಗಿ ಒಂದಕ್ಕೊಂದು ಸೇರಿಕೊಳ್ಳುತ್ತದೆ. ಬಹಳ ದಿನ ಮುಚ್ಚಿಟ್ಟ ಟ್ರಂಕಿನ ವಾಸನೆ ಬರುತ್ತದೆ. ಏನೂ ಕಾಣದೆ ಆ ವಾಸನೆ ಮಾತ್ರ ಬರುತ್ತಿದ್ದರೆ ಕಪಾಟಿನ ಹಿಂಬದಿ, ಸಿಂಕಿನ ಕೆಳಗೆ, ಫಾಲ್ಸ್ ಸೀಲಿಂಗಿನ ಮೇಲೆ ನೋಡಿ.

ಕಪ್ಪು ಇದ್ದರೆ ವಿಷ, ಹಸಿರಾದರೆ ಪರವಾಗಿಲ್ಲ ಅಂತ ಹೇಳುವವರಿದ್ದಾರೆ. ಬಣ್ಣ ನೋಡಿ ಹಾಗೆಲ್ಲ ಹೇಳಲಾಗುವುದಿಲ್ಲ. ಯಾವ ಜಾತಿಯದ್ದು ಅಂತ ಪರೀಕ್ಷೆ ಮಾಡಿಸುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ. ಯಾವುದೇ ಆಗಲಿ, ತೆಗೆಯಲೇಬೇಕು. ಅಸ್ತಮಾ, ಅಲರ್ಜಿ ಇರುವವರಿಗೆ, ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ ತೊಂದರೆ ಹೆಚ್ಚು. ಅವರು ಆ ಕೋಣೆಯಲ್ಲಿ ಮಲಗುವುದನ್ನು ಇವತ್ತೇ ನಿಲ್ಲಿಸಿ.

ನೀರು ಎಲ್ಲಿಂದ ಬರುತ್ತಿದೆ

ಇಲ್ಲಿ ಅವಸರ ಮಾಡಬೇಡಿ. ಒಂದು ವಾರ ಹಿಡಿದರೂ ಸರಿ.

ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಪಸೆ ಹಿಡಿದ ಜಾಗದ ಅಂಚಿನ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ನಾಲ್ಕು ದಿನ ಬಿಟ್ಟು ನೋಡಿ. ಪಸೆ ಗೆರೆ ದಾಟಿದ್ದರೆ ಈಗಲೂ ನೀರು ಬರುತ್ತಿದೆ ಅಂತ ಅರ್ಥ. ಜೋರು ಮಳೆ ಬಂದ ಮಾರನೇ ದಿನ ಮಾತ್ರ ದಾಟಿದರೆ ಮಳೆನೀರು. ಮಳೆ ಇಲ್ಲದ ದಿನವೂ, ಜನವರಿಯಲ್ಲೂ ದಾಟುತ್ತಿದ್ದರೆ ಪೈಪ್ ಅಥವಾ ಬಚ್ಚಲು.

ಆಮೇಲೆ ಜಾಗ ನೋಡಿ. ಗೋಡೆಯ ಮೇಲ್ತುದಿ ಅಥವಾ ಸೀಲಿಂಗಿನ ಮೂಲೆಯಾದರೆ ತಾರಸಿ, ಕಟ್ಟೆಗೋಡೆಯ ಸಂದು, ಫ್ಲ್ಯಾಟಾದರೆ ಮೇಲಿನ ಮನೆಯವರ ಬಚ್ಚಲು. ಕಿಟಕಿಯ ಕೆಳಗಿನ ಎರಡು ಮೂಲೆಗಳಾದರೆ ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದು, ಇಲ್ಲವೇ ಒಳಮುಖವಾಗಿ ಇಳಿಜಾರಾದ ಕಿಟಕಿ ಕಟ್ಟೆ. ನೆಲದಿಂದ ಎರಡು ಮೂರು ಅಡಿಯವರೆಗೆ ಉದ್ದಕ್ಕೂ ಒಂದೇ ಮಟ್ಟದಲ್ಲಿ ಇದ್ದರೆ ಅಡಿಪಾಯದಿಂದ ಏರಿದ ಪಸೆ. ಅಂಗಳದ ಮಣ್ಣು ಅಥವಾ ಇಂಟರ್‌ಲಾಕ್ ಒಳಗಿನ ನೆಲಕ್ಕಿಂತ ಮೇಲೆ ಬಂದಿದೆಯಾ ನೋಡಿ. ನಮ್ಮಲ್ಲಿ ಅಂಗಳ ಎತ್ತರಿಸುವ ಚಟ ಜಾಸ್ತಿ, ಅದರ ಪೆಟ್ಟು ಗೋಡೆಗೆ. ಬಚ್ಚಲಿನ ಆಚೆ ಬದಿಯ ಗೋಡೆಯಾದರೆ ಟೈಲ್ಸಿನ ಸಂದು ಅಥವಾ ನೆಲದ ನೀರು ಹೋಗುವ ನಾನಿ ಟ್ರ್ಯಾಪಿನ ಸುತ್ತ. ಸಾಧ್ಯವಾದರೆ ಆ ಬಚ್ಚಲನ್ನು ಒಂದು ವಾರ ಬಳಸದೆ ಬಿಟ್ಟು ಪೆನ್ಸಿಲ್ ಗೆರೆ ಗಮನಿಸಿ.

ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ ಇದ್ದರೆ ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ ಮಲಗಿ. ಬೆಳಿಗ್ಗೆ ಇಳಿದಿದ್ದರೆ ಪ್ಲಂಬರನ್ನು ಕರೆಯಿರಿ.

ಕಪಾಟಿನ ಹಿಂದೆ, ಕೋಣೆಯ ಮೂಲೆಯಲ್ಲಿ, ಯಾವ ಸೋರಿಕೆಯೂ ಇಲ್ಲದ ಕಡೆ ಬೂಷ್ಟು ಬಂದಿದ್ದರೆ ಗಾಳಿಯಲ್ಲಿರುವ ನೀರೇ ಕಾರಣ ಇರಬಹುದು. ಇದನ್ನು ತಿಳಿಯಲು ಒಂದೂವರೆ ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಒಳಗೆ ಒಣಗಿದ್ದು, ಕೋಣೆಯ ಕಡೆಯ ಬದಿ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯದ್ದು. ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು, ಎಕ್ಸಾಸ್ಟ್ ಇಲ್ಲದ ಅಡುಗೆಮನೆ, ಬಿಸಿನೀರಿನ ಸ್ನಾನದ ಹಬೆ ಇವೆಲ್ಲ ಅದಕ್ಕೆ ಸೇರುತ್ತವೆ. ಪಕ್ಕದ ಕೋಣೆಯಲ್ಲಿ ಎಸಿಯನ್ನು ತುಂಬಾ ತಂಪಿಗೆ ಇಟ್ಟರೆ ನಡುವಿನ ಗೋಡೆ ತಣ್ಣಗಾಗಿ ಈಚೆ ಬದಿಯಲ್ಲಿ ಬೆವರುವುದೂ ಉಂಟು.

ನೀರು ನಿಲ್ಲಿಸುವುದು

ಜುಲೈಯಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಬೇಡಿ. ಒದ್ದೆ ಮೈಗೆ ಅದು ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಹುಡುಕಿ, ಫೋಟೋ ತೆಗೆದು, ಗುರುತು ಮಾಡಿ ಇಡಿ. ದೀಪಾವಳಿ ಕಳೆದ ಮೇಲೆ ಏಪ್ರಿಲ್ ಒಳಗೆ ಕೆಲಸ ಮುಗಿಸಿ. ಮೇ ತಿಂಗಳಲ್ಲಿ ಮೇಸ್ತ್ರಿಗಳು ಸಿಗುವುದೂ ಕಷ್ಟ, ಮೇ ಕೊನೆಯ ವಾರದ ಪತ್ತನಾಜೆ ಕಳೆದರೆ ಮಳೆ ಯಾವ ದಿನ ಬೇಕಾದರೂ ಹಿಡಿಯಬಹುದು.

ಮಳೆಗಾಲದಲ್ಲೇ ಮಾಡಬಹುದಾದದ್ದು ಮೂರು: ತಾರಸಿಯ ಪೈಪಿನ ಬಾಯಿ ಮತ್ತು ಮಾಡಿನ ಅಂಚಿನಲ್ಲಿ ನೀರು ಹರಿಯುವ ದಂಬೆಯ ಕಸ ವಾರಕ್ಕೊಮ್ಮೆ ತೆಗೆಯುವುದು, ಮಳೆ ಬಿಟ್ಟ ದಿನ ಕೆಲಸ ಗೊತ್ತಿದ್ದವರಿಂದ ಒಡೆದ ಹಂಚು ಬದಲಿಸುವುದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಕಣಿ ಬಿಡಿಸುವುದು. ದಂಬೆಯ ಕಸವನ್ನು ಕೆಳಗೆ ನಿಂತು ಕೋಲಿನಿಂದ ಎಳೆಯಲು ಆಗುವಷ್ಟೇ ತೆಗೆಯಿರಿ. ಮಳೆಯಲ್ಲಿ ಮಾಡಿಗೆ ಹತ್ತಬೇಡಿ, ಪಾಚಿ ಕಟ್ಟಿದ ಹಂಚು ಕಾಲಿಗೆ ಹಿಡಿತ ಕೊಡುವುದಿಲ್ಲ.

ಸ್ಲ್ಯಾಬ್ ಮನೆಗಳಿಗೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಗಟ್ಟಿ ಪರಿಹಾರ ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸುವುದು. ಖರ್ಚು ಒಮ್ಮೆಗೇ ಜಾಸ್ತಿ. ಆದರೆ ಸ್ಲ್ಯಾಬಿಗೆ ಮಳೆ ಬೀಳುವುದೇ ಇಲ್ಲ, ಬಟ್ಟೆ ಒಣಗಿಸಲೂ ಜಾಗ ಸಿಗುತ್ತದೆ, ಮನೆಯೊಳಗಿನ ಹಗ್ಗ ಹೋಗುತ್ತದೆ. ಪಡು ಬದಿಗೆ ಶೀಟನ್ನು ಎರಡು ಅಡಿಯಾದರೂ ಹೊರಗೆ ಚಾಚಿಸಿ. ಮಾಡು ಹಾಕುವ ಮೊದಲು ನಗರಸಭೆ ಅಥವಾ ಪಂಚಾಯತಿನಲ್ಲಿ ಅನುಮತಿ ಬೇಕಾ ಅಂತ ವಿಚಾರಿಸಿ.

ತೆಗೆಯುವ ಕೆಲಸ

ಮೂರಡಿ ಉದ್ದ, ಮೂರಡಿ ಅಗಲದಷ್ಟು ಜಾಗವಾದರೆ ನೀವೇ ಮಾಡಬಹುದು. ಅದಕ್ಕಿಂತ ದೊಡ್ಡದಾದರೆ, ಚರಂಡಿ ನೀರು ನುಗ್ಗಿ ಬಂದದ್ದಾದರೆ, ಅಥವಾ ಮನೆಯಲ್ಲಿ ಉಸಿರಾಟದ ಕಾಯಿಲೆ ಇರುವವರಿದ್ದರೆ ಕೆಲಸ ಗೊತ್ತಿದ್ದವರನ್ನು ಕರೆಸಿ.

ಎನ್-95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಮುಚ್ಚಿಕೊಳ್ಳುವ ಕನ್ನಡಕ ಬೇಕು. ಮುಖಕ್ಕೆ ಬೈರಾಸು (ಟವೆಲ್) ಕಟ್ಟಿಕೊಂಡರೆ ಸಾಲದು. ಸಾಮಾನು ಹೊರಗಿಡಿ. ಒಳಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಫ್ಯಾನ್ ಆಫ್ ಮಾಡಿ. ಇದನ್ನು ತುಂಬಾ ಜನ ಮರೆಯುತ್ತಾರೆ, ಫ್ಯಾನಿನ ಗಾಳಿಗೆ ಕಣಗಳು ಇಡೀ ಮನೆಗೆ ಹಾರುತ್ತವೆ.

ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬೇಡಿ, ಕೆರೆಯಬೇಡಿ. ಮೊದಲು ಸ್ಪ್ರೇ ಬಾಟಲಿಯಿಂದ ಸೋಪಿನ ನೀರು ಚಿಮುಕಿಸಿ ಮೆತ್ತಗೆ ಮಾಡಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಬ್ರಷ್ ಅದ್ದಿ ಉಜ್ಜಿ. ಹಳೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೆಯಿರಿ. ಪೇಂಟ್ ಗಟ್ಟಿಯಾಗಿರುವ ಗೋಡೆಗೆ, ಟೈಲ್ಸಿಗೆ, ಗಾಜಿಗೆ ಇಷ್ಟೇ ಸಾಕು. ಪೇಂಟ್ ಹೊಪ್ಪಳಿಸಿ ಎದ್ದಿದ್ದರೆ, ಪುಟ್ಟಿ ಬೆರಳಿಗೆ ಹುಡಿಯಾಗಿ ಬರುತ್ತಿದ್ದರೆ, ಒದ್ದೆ ಮಾಡಿಕೊಂಡೇ ಸಿಮೆಂಟ್ ಗಾರೆ ಕಾಣುವವರೆಗೆ ಕೆರೆದು ತೆಗೆಯಬೇಕು.

ಬಚ್ಚಲಿನ ಟೈಲ್ಸಿನ ಸಂದಿಗೆ ಬ್ಲೀಚ್ ಬಳಸುವುದಾದರೆ ಸುಮಾರು 4 ಲೀಟರ್ ನೀರಿಗೆ ಒಂದು ದೊಡ್ಡ ಲೋಟ, ಅಂದರೆ 240 ಮಿಲಿಲೀಟರಿಗಿಂತ ಹೆಚ್ಚು ಬೇಡ. ಗಾರೆ, ಮರದಂಥ ನೀರು ಹೀರುವ ಮೈಗೆ ಬ್ಲೀಚ್‌ನಿಂದ ಹೆಚ್ಚು ಪ್ರಯೋಜನ ಇಲ್ಲ. ಮೇಲಿನ ಬಣ್ಣ ಬಿಳಿಯಾಗುತ್ತದೆ, ಬೇರು ಒಳಗೇ ಉಳಿಯುತ್ತದೆ.

ಒಂದು ವಿಷಯ ದಯವಿಟ್ಟು ನೆನಪಿಡಿ. ಬ್ಲೀಚ್ ಜೊತೆ ಕಮೋಡ್ ತೊಳೆಯುವ ಆ್ಯಸಿಡ್, ವಿನೆಗರ್, ಅಮೋನಿಯಾ ಇರುವ ಕ್ಲೀನರ್ ಯಾವುದನ್ನೂ ಸೇರಿಸಬೇಡಿ. ಒಂದರ ಮೇಲೊಂದು ಸುರಿಯಲೂಬೇಡಿ. ವಿಷಗಾಳಿ ಏಳುತ್ತದೆ. ನಮ್ಮ ಬಚ್ಚಲುಗಳು ಸಣ್ಣವು, ಕಿಟಕಿ ಇನ್ನೂ ಸಣ್ಣದು. ಜೀವಕ್ಕೇ ಅಪಾಯ.

ಒಣಗಲಿ, ಆಮೇಲೆ ಪೇಂಟ್

ಕೆರೆದ ಗೋಡೆಯನ್ನು ಬೇಸಿಗೆಯಲ್ಲಾದರೂ ಕೆಲವು ವಾರ ಹಾಗೇ ಬಿಡಿ. ನೋಡಲು ಚಂದ ಇರುವುದಿಲ್ಲ, ನೆಂಟರು ಕೇಳುತ್ತಾರೆ, ಇರಲಿ. ಮತ್ತೆ ಪ್ಲಾಸ್ಟಿಕ್ ಹಾಳೆ ಹಚ್ಚಿ ನೋಡಿ. ಒಳಬದಿ ಒಣಗಿದ್ದರೆ ಮಾತ್ರ ಮುಂದಿನ ಕೆಲಸ. ಹೊಸ ಗಾರೆ ಹಾಕಿಸಿದ್ದರೆ ನೀರುಣಿಸಿ, ಪೂರ್ತಿ ಒಣಗುವವರೆಗೆ ಒಂದು ತಿಂಗಳಾದರೂ ಕಾಯಿರಿ. ಆಮೇಲೆ ಫಂಗಸ್ ತಡೆಯುವ ಪ್ರೈಮರ್, ಅದರ ಮೇಲೆ ಪೇಂಟ್. ಒಳಗೆ ಪಸೆ ಇರುವ ಗೋಡೆಗೆ ಒಳಬದಿಯಿಂದ ಪ್ಲಾಸ್ಟಿಕ್‌ನಂಥ ಪೇಂಟ್ ಬಳಿದರೆ ನೀರು ಅದರ ಹಿಂದೆ ಸಿಕ್ಕಿಬಿದ್ದು ಮುಂದಿನ ಮಳೆಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಹಳೆ ಕೆಂಪುಕಲ್ಲಿನ ಮನೆಗೆ ಸುಣ್ಣವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಗೋಡೆ ಉಸಿರಾಡುತ್ತದೆ, ಸುಣ್ಣದ ಖಾರಕ್ಕೆ ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ.

ಕಪಾಟು ಮತ್ತು ಸೀರೆ

ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ. ಒಂದು ಅಂಗೈ ಅಗಲ ಜಾಗ ಬಿಡಿ. ಪ್ಲೈವುಡ್ ಹಲಗೆ ಉಬ್ಬಿ ಒಳಗೇ ಬೂಷ್ಟು ಹಿಡಿದಿದ್ದರೆ ಒರೆಸಿ ಉಳಿಸಲು ಆಗುವುದಿಲ್ಲ, ಆ ಹಲಗೆ ಬದಲಿಸಿ. ಹತ್ತಿ ಹಾಸಿಗೆ, ದಿಂಬಿಗೂ ಅದೇ ಮಾತು.

ಅಮ್ಮನ ಮದುವೆ ಸೀರೆಯ ಮಡಿಕೆಯಲ್ಲಿ ಒಮ್ಮೆ ಬಿಳಿ ಚುಕ್ಕೆ ಸಾಲುಗಟ್ಟಿ ನಿಂತಿದ್ದವು, ರಂಗೋಲಿ ಹುಡಿ ಉದುರಿದ ಹಾಗೆ. ಅವಸರದಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಿಸಿಲು ಬಂದ ದಿನ ಹೊರಗೆ ತಂದು, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಒಣ ಬಟ್ಟೆಯಲ್ಲಿ ಮೆಲ್ಲಗೆ ತೆಗೆದು, ನೆರಳಲ್ಲಿ ಹರಡಿ, ಆಮೇಲೆ ಡ್ರೈಕ್ಲೀನ್‌ಗೆ ಕೊಡಿ. ರೇಷ್ಮೆಗೆ ಬ್ಲೀಚ್ ತಾಗಿದರೆ ಎಳೆಯೇ ಹಾಳಾಗುತ್ತದೆ. ಪ್ಲಾಸ್ಟಿಕ್ ಕವರಿನ ಬದಲು ಹಳೆ ಬಿಳಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಹುಳಕ್ಕೆ ಸರಿ, ಬೂಷ್ಟು ಅದಕ್ಕೆ ಹೆದರುವುದಿಲ್ಲ.

ಮಳೆಗಾಲದ ಗಾಳಿ, ಬೀಗ ಹಾಕಿದ ಮನೆ

ಕಿಟಕಿ ತೆರೆದಿಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮಲ್ಲಿ ಜಡಿಮಳೆ ಸುರಿಯುವಾಗ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಆಗ ದಿನವಿಡೀ ಕಿಟಕಿ ತೆರೆದರೆ ಮನೆ ಒಣಗುವುದಿಲ್ಲ. ಮಳೆ ಬಿಟ್ಟು ಬಿಸಿಲು ಬಂದಾಗ ಎಲ್ಲ ತೆರೆಯಿರಿ, ಕಪಾಟಿನ ಬಾಗಿಲನ್ನೂ. ಮಳೆ ಹಿಡಿದಾಗ ಮುಚ್ಚಿ ಫ್ಯಾನ್ ಹಾಕಿ. ಅಡುಗೆ, ಸ್ನಾನದ ಹೊತ್ತಿನಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಲಿ. ಎಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಒಂದೆರಡು ಗಂಟೆ ಇಡಿ. ತೇವಾಂಶ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ. ಅದರಲ್ಲಿ ಶೇಕಡಾ 60ಕ್ಕಿಂತ ಕೆಳಗೆ ಇದ್ದರೆ ಬೂಷ್ಟಿಗೆ ಕಷ್ಟ. ಆಟಿಯಲ್ಲಿ ಇಡೀ ಮನೆಯನ್ನು ಆ ಮಟ್ಟಕ್ಕೆ ತರುವುದು ನಮ್ಮಲ್ಲಿ ಸುಲಭ ಅಲ್ಲ. ಬಟ್ಟೆ, ಕಾಗದಪತ್ರ ಇರುವ ಒಂದು ಕೋಣೆಯನ್ನಾದರೂ ಡೀಹ್ಯುಮಿಡಿಫೈಯರ್ ಇಟ್ಟು ಕಾಪಾಡಿಕೊಳ್ಳಿ.

ಮುಂಬೈಯಲ್ಲೋ ದುಬೈಯಲ್ಲೋ ಇದ್ದು ಇಲ್ಲಿ ಮನೆಗೆ ಬೀಗ ಹಾಕಿದವರು ಎಷ್ಟೋ ಜನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬಾಗಿಲು ತೆರೆದು, ಫ್ಯಾನ್ ಹಾಕಿ, ಪ್ರತಿ ಕೋಣೆಯ ಫೋಟೋ ಕಳಿಸುವ ಒಬ್ಬರಿಗೆ ಸಂಬಳ ಕೊಡಿ. ನೀರಿನ ಮೇನ್ ವಾಲ್ವ್ ಮುಚ್ಚಿಸಿ. ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಡಿ.

ಮನೆ ಮಾರುವವರಿಗೆ, ಕೊಳ್ಳುವವರಿಗೂ

ಮನೆ ನೋಡಲು ಜನ ಬರುವುದು ಹೆಚ್ಚಾಗಿ ಮೇ ಮತ್ತು ಡಿಸೆಂಬರ್ ರಜೆಯಲ್ಲಿ. ಆಗ ಎಲ್ಲ ಮನೆಯೂ ಒಣಗಿ ಚಂದ ಕಾಣುತ್ತದೆ. ಒಂದು ಕೈ ಪೇಂಟ್ ಬಳಿದು ಮಾರಿಬಿಡಿ ಅಂತ ಬ್ರೋಕರುಗಳು ಹೇಳುವುದನ್ನು ಕೇಳಿದ್ದೇನೆ. ಹಾಗೆ ಮಾಡಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಆಸ್ತಿಯಲ್ಲಿ ನಿಮಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವರ ಕಣ್ಣಿಗೆ ಬೀಳದ ಮುಖ್ಯ ದೋಷವನ್ನು ನೀವು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ ಅಂತಲೇ ಆ ಕಲಮು ಹೇಳುತ್ತದೆ. ಪೇಂಟಿನ ಅಡಿಯಲ್ಲಿ ಮುಚ್ಚಿಟ್ಟ ಸೋರಿಕೆ ಇದಕ್ಕೆ ಬರಬಹುದು. ನಿಮ್ಮ ಮನೆಯ ವಿಷಯದಲ್ಲಿ ಏನು ಅನ್ನುವುದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ.

ನನ್ನ ಸಲಹೆ ಹೀಗಿದೆ. ಒಂದು ಫೈಲ್ ಮಾಡಿ. ಬೂಷ್ಟು ಇದ್ದಾಗಿನ ಫೋಟೋ, ಕಾರಣ ಏನು, ಯಾವ ತಿಂಗಳಲ್ಲಿ ಯಾರು ರಿಪೇರಿ ಮಾಡಿದರು, ಬಿಲ್ಲು, ವಾಟರ್‌ಪ್ರೂಫಿಂಗ್ ವಾರಂಟಿ, ಆಮೇಲೆ ಬಂದ ಮಳೆಗಾಲದಲ್ಲಿ ಅದೇ ಗೋಡೆಯ ಫೋಟೋ. ಈ ಕೊನೆಯ ಫೋಟೋಕ್ಕೆ ಎಲ್ಲಕ್ಕಿಂತ ಬೆಲೆ. ರಿಪೇರಿ ಮಾಡಿಸದೆ ಮಾರುವುದಾದರೆ ಇಬ್ಬರು ಮೇಸ್ತ್ರಿಗಳಿಂದ ಖರ್ಚಿನ ಅಂದಾಜು ಬರೆಸಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿ. ಕರಾರು ಪತ್ರದಲ್ಲೂ ಅದನ್ನು ಬರೆಸಿ. ಆಮೇಲೆ ತಕರಾರಿಗೆ ಜಾಗ ಇರುವುದಿಲ್ಲ.

ಕೊಳ್ಳುವವರೇ, ಸಾಧ್ಯವಾದರೆ ಜುಲೈ ಅಥವಾ ಆಗಸ್ಟ್‌ನಲ್ಲಿ ಒಮ್ಮೆ ಮನೆ ನೋಡಿ. ಪಡು ಗೋಡೆ ಮುಟ್ಟಿ ನೋಡಿ. ಕಪಾಟಿನ ಬಾಗಿಲು ತೆರೆದು ಮೂಗು ಒಡ್ಡಿ. ಒಂದೇ ಗೋಡೆಗೆ ಹೊಸ ಪೇಂಟ್ ಇದ್ದರೆ ಯಾಕೆ ಅಂತ ಕೇಳಿ. ಬಿಲ್ಡರಿಂದ ಹೊಸ ಫ್ಲ್ಯಾಟ್ ಕೊಂಡಿದ್ದು, ಸ್ವಾಧೀನ ಸಿಕ್ಕಿ 5 ವರ್ಷ ಆಗಿಲ್ಲದಿದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಮು ನಿಮ್ಮ ಪರ ಇದೆ. ರಚನೆಯ ಅಥವಾ ಕೆಲಸದ ಗುಣಮಟ್ಟದ ದೋಷವನ್ನು ತಿಳಿಸಿದ 30 ದಿನದೊಳಗೆ ಬಿಲ್ಡರ್ ತಮ್ಮ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ದೂರು ಫೋನಿನಲ್ಲಿ ಬೇಡ, ಬರೆದು ಕೊಡಿ. ಮೇಲಿನ ಮನೆಯವರ ಬಚ್ಚಲು ಸೋರಿದರೆ ಅಸೋಸಿಯೇಷನ್‌ಗೂ ಬರಹದಲ್ಲೇ ತಿಳಿಸಿ.

ಮಂಗಳೂರು ಬಿಜೈಯಲ್ಲಿದ್ದ ನಮ್ಮ ಫ್ಲ್ಯಾಟ್ ಮಾರುವಾಗ ಬಚ್ಚಲಿನ ಆಚೆಯ ಗೋಡೆಯನ್ನು ನಾನು ಪೇಂಟ್ ಮಾಡಿಸಲಿಲ್ಲ. ನೋಡಲು ಬಂದ ದಂಪತಿಗೆ ಪೆನ್ಸಿಲ್ ಗೆರೆ, ಅದರ ಪಕ್ಕದ ತಾರೀಕು, ರಿಪೇರಿಯಾದ ಮೇಲೆ ಒಂದು ಮಳೆಗಾಲ ಕಳೆದರೂ ಗೆರೆ ದಾಟದ ಗೋಡೆ ಎಲ್ಲ ತೋರಿಸಿದೆ. ಅವರು ಬಗ್ಗಿ ತಾರೀಕು ಓದಿದರು, ಗೋಡೆಗೆ ಅಂಗೈ ಒತ್ತಿ ನೋಡಿದರು. ಕೊಂಡವರೂ ಅವರೇ. ಬೀಗದ ಕೈ ಜೊತೆ ಫೈಲನ್ನೂ ಕೊಟ್ಟೆ.